ಸೂಜಿಮೊನೆ: ಕೊಸರಿಗೆ ಹಾಕಿದ ಗುಂಡಿಗಳು

ಅಂಗಿಯ ಗುಂಡಿ ಉದುರಿದರೆ ಅದರ ಜೋಡಿ ಎಲ್ಲಿ ಸಿಗುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಒಬ್ಬರು ಕೇಳಿದ್ದರು. ಅವರಿಗೆ ಉತ್ತರ ಬರೆಯುತ್ತಾ ಪ್ಯಾಟ್ರಿಕ್ ಕೆಲ್ಲಿ ಎಂಬ ಕಪ್ಪು ಅಮೆರಿಕನ್ ವಸ್ತ್ರವಿನ್ಯಾಸಕರನ್ನೂ ಅವರ ಅಜ್ಜಿಯನ್ನೂ ಎರಡು ಸಾಲಿನಲ್ಲಿ ನೆನೆದಿದ್ದೆ. ಅಷ್ಟಕ್ಕೇ ಪತ್ರಗಳ ಕಟ್ಟು ಬಂದು ಬಿತ್ತು. ನಾನು ಶಿವಮೊಗ್ಗದಲ್ಲಿ ಮೂವತ್ತೆರಡು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಈ ಅಂಕಣಕ್ಕೆ ಇಷ್ಟು ಪತ್ರ ಹಿಂದೊಮ್ಮೆ ಬಂದದ್ದು, ರವಿಕೆಯ ಬೆನ್ನು ಎಷ್ಟು ಇಳಿಯಬಹುದು ಎಂಬ ಜಗಳ ನಡೆದಾಗ ಮಾತ್ರ. ಹಾಗಾಗಿ ಫಾಲು, ಪೀಕೊ, ತೋಳಿನ ಅಳತೆಯ ಪ್ರಶ್ನೆಗಳನ್ನು ಈ ಸಲ ಬದಿಗಿಟ್ಟಿದ್ದೇನೆ. ಕಾದಿರುವವರು ಮುನಿಯಬಾರದು.

ಪ್ರಶ್ನೆ: ಅಕ್ಕ, ಆ ಅಜ್ಜಿಯ ಕಥೆಯನ್ನು ಪೂರ್ತಿ ಹೇಳಿ. ನಮ್ಮ ಅತ್ತೆ ಬಿಟ್ಟುಹೋದ ಬಿಸ್ಕತ್ತಿನ ಡಬ್ಬಿಯ ತುಂಬ ಒಂದಕ್ಕೊಂದು ಹೊಂದದ ಗುಂಡಿಗಳಿವೆ. ಎಸೆಯಲು ಮನಸ್ಸಿಲ್ಲ. ಮಗಳ ಕುರ್ತಾಕ್ಕೆ ಹಾಕಬಹುದೇ? – ಓದುಗಿ, ಸಾಗರ

ಉತ್ತರ: ಧಾರಾಳವಾಗಿ ಹಾಕಿ. ಆದರೆ ಒಂದು ಮಾತು. ಐದು ಗುಂಡಿಗಳಲ್ಲಿ ಒಂದು ಮಾತ್ರ ಬೇರೆ ಬಣ್ಣದ್ದಾದರೆ ನೋಡಿದವರು ‘ಪಾಪ, ಜೋಡಿ ಸಿಗಲಿಲ್ಲ’ ಅಂದುಕೊಳ್ಳುತ್ತಾರೆ. ಇಪ್ಪತ್ತೈದು ಗುಂಡಿಗಳಿದ್ದು ಇಪ್ಪತ್ತೈದೂ ಬೇರೆ ಬೇರೆಯಾದರೆ ‘ಎಲ್ಲಿ ಹೊಲಿಸಿದಿರಿ?’ ಎಂದು ಕೇಳುತ್ತಾರೆ. ಇದನ್ನು ಕಂಡುಕೊಂಡವಳು ನಾನಲ್ಲ, ಎಥೆಲ್ ರೇನಿ ಎಂಬ ಅಜ್ಜಿ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ವಿಕ್ಸ್‌ಬರ್ಗ್ ಎಂಬ ಊರಿದೆ. ಪ್ಯಾಟ್ರಿಕ್ ಹುಟ್ಟಿದ್ದು ಅಲ್ಲಿ, 1954ರಲ್ಲಿ. ಅಜ್ಜಿ ಬಿಳಿಯರ ಮನೆಯಲ್ಲಿ ಅಡುಗೆ ಕೆಲಸ ಮಾಡುತ್ತಿದ್ದಳು. ಅವರು ಓದಿ ಬಿಟ್ಟ ಫ್ಯಾಷನ್ ಪತ್ರಿಕೆಗಳನ್ನು ಮೊಮ್ಮಗನಿಗೆ ತಂದುಕೊಡುತ್ತಿದ್ದಳು. ಹುಡುಗ ಪುಟ ತಿರುವಿ ಹಾಕಿ, ಇದರಲ್ಲಿ ನಮ್ಮಂಥ ಹೆಂಗಸರು ಯಾಕಿಲ್ಲ ಎಂದು ಕೇಳಿದನಂತೆ. ನಮಗಾಗಿ ಹೊಲಿಯಲು ಯಾರಿಗೂ ಪುರುಸೊತ್ತಿಲ್ಲ ಎಂಬರ್ಥದ ಉತ್ತರ ಸಿಕ್ಕಿತು. ಅವನ ಅಂಗಿಯ ಗುಂಡಿಗಳು ಸದಾ ಉದುರುತ್ತಿದ್ದವು. ಅದೇ ಬಣ್ಣದ್ದು ಮನೆಯಲ್ಲಿ ಇರುತ್ತಿರಲಿಲ್ಲ. ಅಜ್ಜಿ ಕೈಗೆ ಸಿಕ್ಕಿದ್ದನ್ನು ಹೊಲಿದು, ಅದು ತೇಪೆಯ ಹಾಗೆ ಕಾಣಬಾರದೆಂದು ಸುತ್ತಮುತ್ತ ಇನ್ನಷ್ಟು ಬಣ್ಣದ ಗುಂಡಿಗಳನ್ನು ಹಾಕಿಬಿಡುತ್ತಿದ್ದಳು.

ಸಂತೆಯಲ್ಲಿ ಸೇರು ಅಳೆದಾದ ಮೇಲೆ ಒಂದು ಹಿಡಿ ಹೆಚ್ಚಿಗೆ ಸುರಿಯುತ್ತಾರಲ್ಲ, ಕೊಸರು, ಅದು ಈ ಅಜ್ಜಿ ಮಾಡಿದ ಕೆಲಸ. ಅಂಗಿ ಮುಚ್ಚಿಕೊಳ್ಳಲು ಬೇಕಾದ್ದು ಒಂದೇ ಗುಂಡಿ. ಮಿಕ್ಕದ್ದೆಲ್ಲ ಕೊಸರು.

ಆ ಹುಡುಗ ದೊಡ್ಡವನಾಗಿ ಪ್ಯಾರಿಸ್ಸಿಗೆ ಹೋದ. ತಾನೇ ಹೊಲಿದ ಉಡುಪುಗಳನ್ನು ಬೀದಿಯಲ್ಲಿ ಮಾರಿದ. ಕೊನೆಗೆ 1988ರಲ್ಲಿ, ಪ್ಯಾರಿಸ್ಸಿನ ಸಿದ್ಧ ಉಡುಪು ವಿನ್ಯಾಸಕರ ಒಕ್ಕೂಟ ತನ್ನೊಳಗೆ ಸೇರಿಸಿಕೊಂಡ ಮೊದಲ ಅಮೆರಿಕನ್ ಎನಿಸಿದ. ಮೊದಲ ಕಪ್ಪು ಅಮೆರಿಕನ್ ಅಲ್ಲ, ಮೊದಲ ಅಮೆರಿಕನ್. ಕಪ್ಪು ಉಡುಪಿನ ಎದೆಯ ಮೇಲೆ ಬಣ್ಣಬಣ್ಣದ ಗುಂಡಿಗಳಿಂದಲೇ ಹೃದಯದ ಆಕಾರ ಬಿಡಿಸಿದ ಅವರ ಉಡುಗೆಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿವೆ. ಪ್ರದರ್ಶನ ಶುರುವಾಗುವ ಮುನ್ನ ಅಗಲವಾದ ಓವರಾಲ್ (ಎದೆಯವರೆಗೂ ಬರುವ ಪ್ಯಾಂಟು), ತಲೆಗೊಂದು ಟೋಪಿ ತೊಟ್ಟು ಬಂದು ಹಿಂದಿನ ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದೊಂದು ಹೃದಯ ಬರೆಯುತ್ತಿದ್ದರು. ಏಡ್ಸ್ ಅವರನ್ನು 1990ರ ಜನವರಿ 1ರಂದು ಕರೆದುಕೊಂಡು ಹೋಯಿತು. ಮೂವತ್ತೈದು ವರ್ಷ ವಯಸ್ಸು.

ನಿಮ್ಮ ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಲೋಹದ ಗುಂಡಿಗಳನ್ನು ಆರಿಸಿ ತೆಗೆಯಿರಿ, ತುಕ್ಕು ಬಿಡುತ್ತವೆ. ಮಿಕ್ಕವನ್ನು ಸೀಗೆಪುಡಿಯಲ್ಲಿ ತೊಳೆದು ಒಣಗಿಸಿ. ಕುರ್ತಾವನ್ನು ಮೇಜಿನ ಮೇಲೆ ಹಾಸಿ, ಗುಂಡಿಗಳನ್ನು ಬರೀ ಇಟ್ಟು ನೋಡಿ. ಮನಸ್ಸಿಗೆ ಒಪ್ಪಿದಾಗ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡು, ಆಮೇಲೆ ಸೂಜಿ ಹಿಡಿಯಿರಿ. ಬಟ್ಟೆ ತೆಳುವಾಗಿದ್ದರೆ ಹಿಂದೆ ಒಂದು ತುಂಡು ಅಸ್ತರು ಕೊಡಿ, ಇಲ್ಲದಿದ್ದರೆ ಭಾರಕ್ಕೆ ಜೋಲುತ್ತದೆ. ಅತ್ತೆಯ ಯಾವ ಸೀರೆಯ ರವಿಕೆಯಿಂದ ಯಾವ ಗುಂಡಿ ಬಂತು ಎಂದು ನೆನಪಿದ್ದರೆ ಹೊಲಿಯುತ್ತಲೇ ಮಗಳಿಗೆ ಹೇಳಿ.

ಪ್ರಶ್ನೆ: ಮೇಡಂ, ಗುಲಾಮಗಿರಿ, ಬೇರೆ ಬಾಗಿಲು, ಬೇರೆ ಬೆಂಚು, ಇದು ಅಮೆರಿಕದ ಕಪ್ಪು ಜನರ ಚರಿತ್ರೆ. ನೀವು ಅಲ್ಲಿಂದ ಗುಂಡಿ, ಹೂವು, ಖುಷಿ ಎಂದು ಆರಿಸಿಕೊಂಡು ಬರೆದರೆ ನೋವಿನ ಮೇಲೆ ಸಕ್ಕರೆ ಸವರಿದಂತೆ ಆಗುವುದಿಲ್ಲವೇ? – ಎಂ.ಎ. ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಕೋಪ ನನಗೆ ಹಿಡಿಸಿತು, ತಮ್ಮ. ಆದರೆ ಸವರಲು ನನ್ನ ಹತ್ತಿರ ಸಕ್ಕರೆ ಇಲ್ಲ, ನಾನು ಕಂಡದ್ದನ್ನು ಹೇಳುತ್ತೇನೆ.

2023ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಡೆಲಾವೇರಿಗೆ ಹೋಗಿದ್ದೆ. ಕೂಸಿಗೆ ಎಣ್ಣೆ ನೀರು, ಮಗಳಿಗೆ ಮೆಣಸಿನ ಸಾರು, ಇದರಲ್ಲೇ ಎರಡು ತಿಂಗಳು ಕಳೆದವು. ಒಂದು ಭಾನುವಾರ ಅಳಿಯ ‘ಅತ್ತೆ, ನಿಮ್ಮ ಕಸುಬಿನದ್ದೇ ಒಂದು ಪ್ರದರ್ಶನ ಇದೆ’ ಎಂದು ವಿಂಟರ್‌ತೂರ್ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಆನ್ ಲೋ ಎಂಬ ಕಪ್ಪು ಮಹಿಳೆ ಹೊಲಿದ ಗೌನುಗಳ ಪ್ರದರ್ಶನ ಅದು. ಒಳಗೆ ಹೋದವಳು ಮೂರು ತಾಸು ಹೊರಗೆ ಬರಲಿಲ್ಲ.

ಆನ್ ಲೋ ಹುಟ್ಟಿದ್ದು 1898ರಲ್ಲಿ, ಅಲಬಾಮಾದ ಕ್ಲೇಟನ್‌ನಲ್ಲಿ. ಅಜ್ಜಿ, ಅಮ್ಮ ಇಬ್ಬರೂ ದೊಡ್ಡ ಮನೆತನದ ಹೆಂಗಸರಿಗೆ ಹೊಲಿಯುತ್ತಿದ್ದರು. ಐದಾರು ವರ್ಷದ ಆನ್ ಅವರ ಕಾಲಡಿ ಬಿದ್ದ ರೇಷ್ಮೆಯ ಚೂರುಗಳನ್ನು ಆಯ್ದು, ಅಂಗಳದ ಹೂಗಳನ್ನು ನೋಡಿಕೊಂಡು ಬಟ್ಟೆಯ ಹೂ ಮಾಡುತ್ತಿದ್ದಳು. ಅಮ್ಮ ತೀರಿಕೊಂಡಾಗ ಅಲಬಾಮಾ ರಾಜ್ಯಪಾಲರ ಪತ್ನಿಯ ಗೌನುಗಳು ಅರ್ಧಕ್ಕೆ ನಿಂತಿದ್ದವು. ಹದಿನಾರರ ಹುಡುಗಿ ಕುಳಿತು ಮುಗಿಸಿಕೊಟ್ಟಳು. 1917ರಲ್ಲಿ ನ್ಯೂಯಾರ್ಕಿನ ಹೊಲಿಗೆ ಶಾಲೆಗೆ ಸೇರಿದರೆ ಬಿಳಿಯ ವಿದ್ಯಾರ್ಥಿನಿಯರು ಜೊತೆಗೆ ಕೂರಲು ಒಪ್ಪಲಿಲ್ಲ. ಅವಳನ್ನು ಬೇರೆ ಕೋಣೆಯಲ್ಲಿ ಒಬ್ಬಳನ್ನೇ ಕೂರಿಸಿದರು. ಹಾಗೆ ಕೂರಿಸಿ, ಅವಳು ಹೊಲಿದದ್ದನ್ನು ಮಾತ್ರ ತರಗತಿಗೆ ಒಯ್ದು ಉಳಿದವರಿಗೆ ಮಾದರಿಯೆಂದು ತೋರಿಸಿದರು.

1953ರ ಸೆಪ್ಟೆಂಬರ್ 12ರಂದು, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿ ಮತ್ತು ಜಾಕ್ವೆಲಿನ್ ಅವರ ಮದುವೆ. ವಧುವಿನ ಗೌನು ಆನ್ ಲೋ ಅವರದ್ದು. ಅದಕ್ಕೆ ಹಿಡಿದದ್ದು ಐವತ್ತು ಗಜ ದಂತಬಣ್ಣದ ಟಾಫೆಟಾ ರೇಷ್ಮೆ, ನಮ್ಮ ಲೆಕ್ಕದಲ್ಲಿ ಎಂಟು ಸೀರೆಯ ಬಟ್ಟೆ. ಮದುವೆಗೆ ಹತ್ತು ದಿನ ಇರುವಾಗ ಅವರ ಕಾರ್ಯಾಗಾರದಲ್ಲಿ ನೀರಿನ ಕೊಳವೆ ಒಡೆದು ವಧುವಿನ ಗೌನೂ ಗೆಳತಿಯರ ಗೌನುಗಳಲ್ಲಿ ಹೆಚ್ಚಿನವೂ ಹಾಳಾದವು. ಎರಡು ತಿಂಗಳ ಕೆಲಸ! ಅವರು ಹೊಸ ಬಟ್ಟೆ ಕೊಂಡು, ಇನ್ನಷ್ಟು ಹೊಲಿಗೆಯವರನ್ನು ಕರೆದು, ಎಲ್ಲವನ್ನೂ ಮತ್ತೆ ಹೊಲಿದರು. ವಧುವಿನ ಮನೆಗೆ ಒಂದು ಮಾತು ತಿಳಿಸಲಿಲ್ಲ. ಏಳುನೂರು ಡಾಲರ್ ಲಾಭ ಬರಬೇಕಾಗಿದ್ದ ಕಡೆ 2,200 ಡಾಲರ್ ನಷ್ಟವಾಯಿತು. ಗೌನುಗಳನ್ನು ಹೊತ್ತು ನ್ಯೂಪೋರ್ಟಿನ ಆ ಮನೆಗೆ ಹೋದಾಗ ಬಾಗಿಲಲ್ಲಿದ್ದವರು ಹಿಂಬಾಗಿಲಿನಿಂದ ಬಾ ಎಂದರು. ಹಾಗಾದರೆ ಬಟ್ಟೆಗಳನ್ನು ವಾಪಸು ಒಯ್ಯುತ್ತೇನೆ ಎಂದರು ಆನ್ ಲೋ. ಮುಂಬಾಗಿಲು ತೆರೆಯಿತು.

ಇಲ್ಲಿ ನನ್ನದೊಂದು ಮಾತು ಹೇಳದಿದ್ದರೆ ಕಪಟವಾಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಒಂದು ದೊಡ್ಡ ಮನೆಯ ಮದುವೆಗೆ ಹನ್ನೊಂದು ರವಿಕೆ ಹೊಲಿದುಕೊಂಡು ಹೋಗಿದ್ದೆ. ‘ಹಿತ್ತಲ ಕಡೆಯಿಂದ ಬಂದುಬಿಡಿ’ ಎಂದರು. ನಾನು ಹೋದೆ. ಕಾಫಿಯನ್ನೂ ಅಲ್ಲೇ, ಕಲ್ಲುಕಟ್ಟೆಯ ಮೇಲೆ ಕುಳಿತು ಕುಡಿದೆ. ವಿಂಟರ್‌ತೂರಿನಲ್ಲಿ ಆ ಗೌನಿನ ಮುಂದೆ ನಿಂತಾಗ ಬಾಯಿಗೆ ಬಂದದ್ದು ಆ ಕಾಫಿಯ ರುಚಿ. ಅಲ್ಲಿದ್ದದ್ದು ಮೂಲ ಗೌನಲ್ಲ. ಮೂಲದ ರೇಷ್ಮೆ ಹೊರಗಿಡಲಾಗದಷ್ಟು ಜೀರ್ಣವಾಗಿದೆ. ಡೆಲಾವೇರ್ ವಿಶ್ವವಿದ್ಯಾಲಯದ ಅಧ್ಯಾಪಕಿಯೊಬ್ಬರು ಅದನ್ನು ಅಧ್ಯಯನ ಮಾಡಿ ಹೊಲಿದ ಪ್ರತಿ ಅಲ್ಲಿತ್ತು.

ಈಗ ನಿಮ್ಮ ಪ್ರಶ್ನೆ. ಇಷ್ಟರಲ್ಲಿ ಖುಷಿ ಎಲ್ಲಿದೆ? ಮದುವೆಯ ಗೌನಿನಲ್ಲಿ ಇಲ್ಲ ಎಂದೇ ನನ್ನ ಅಭಿಪ್ರಾಯ. ಅದು ಹಟದ ಹೊಲಿಗೆ. ಉಳಿದ ಗೌನುಗಳಲ್ಲಿ ಇದೆ. ಒಂದರ ನೆರಿಗೆಯ ನಡುವೆ, ಉಟ್ಟವಳು ತಿರುಗಿದಾಗ ಮಾತ್ರ ಕಾಣುವ ಜಾಗದಲ್ಲಿ, ರೇಷ್ಮೆಯ ಹೂ ಇಟ್ಟಿದ್ದಾರೆ. ದಳಗಳ ಅಂಚು ನಿಜವಾದ ಹೂವಿನ ಹಾಗೆ ಒಂಚೂರು ಮುದುಡಿದೆ. ಬಗ್ಗಿ ಒಳಹೊಲಿಗೆ ನೋಡಲು ಹೋಗಿ ಕಾವಲಿನ ಹುಡುಗಿಯಿಂದ ‘ಸ್ವಲ್ಪ ಹಿಂದೆ ನಿಲ್ಲಿ’ ಎನ್ನಿಸಿಕೊಂಡೆ. ಆ ಹೂವಿಗೆ ಯಾರೂ ದುಡ್ಡು ಕೊಟ್ಟಿರಲಾರರು. ಚೂರು ಆಯ್ದು ಹೂ ಮಾಡಿದ ಐದು ವರ್ಷದ ಹುಡುಗಿ ಅರವತ್ತರ ವಯಸ್ಸಿನಲ್ಲೂ ಅದನ್ನೇ ಮಾಡುತ್ತಿದ್ದಳು. ನೋವನ್ನು ಮರೆಸಲಿಕ್ಕೆಂದು ಅಲ್ಲ, ಅವಳಿಗೆ ಹೂ ಮಾಡುವುದು ಇಷ್ಟ ಎಂದು. ನಾವು ಅವರ ನೋವನ್ನು ಮಾತ್ರ ಓದಿದರೆ ಆ ಹೂವನ್ನು ನೋಡದೆ ಬಂದಂತಾಗುತ್ತದೆ.

ಆದರೆ ನಿಮ್ಮ ಸಿಟ್ಟಿಗೆ ಒಂದು ಸರಿಯಾದ ಜಾಗ ತೋರಿಸುತ್ತೇನೆ: ಲೇಬಲ್ಲು. 1947ರಲ್ಲಿ ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ಆಸ್ಕರ್ ಪಡೆಯಲು ಉಟ್ಟುಬಂದ ಹೂವಿನ ಗೌನೂ ಆನ್ ಲೋ ಅವರ ಕೈಯದ್ದೇ. ಒಳಗೆ ಹೊಲಿದಿದ್ದ ಹೆಸರು ಬೇರೊಬ್ಬರದ್ದು.

ಪ್ರಶ್ನೆ: ಅಕ್ಕನವರೇ, ನಾನೂ ಟೈಲರ್. ಕಾಲೇಜು ಹುಡುಗಿಯರು ಮೊಬೈಲಿನಲ್ಲಿ ಚಿತ್ರ ತೋರಿಸಿ ‘ಲೆಟ್ಯೂಸ್’ ಅಂಚು ಬೇಕೆಂದು ಕೇಳುತ್ತಾರೆ. ಎಲೆಕೋಸಿನ ಹಾಗೆ ಅಲೆಅಲೆಯಾಗಿ ಇರುತ್ತದೆ. ನನಗೆ ಬರೀ ಸುಕ್ಕು ಬರುತ್ತಿದೆ. – ದಾವಣಗೆರೆ

ಉತ್ತರ: ಸುಕ್ಕು ಬರುವುದು ನೀವು ಒಳ್ಳೆಯ ಟೈಲರ್ ಆದ್ದರಿಂದ. ಸೀರೆಗೆ ಪೀಕೊ ಹಾಕುವಾಗ ಬಟ್ಟೆ ಎಳೆಯಬಾರದು ಎಂದು ಗುರುಗಳು ನಿಮ್ಮ ಕೈಗೆ ಹೊಡೆದು ಕಲಿಸಿರುತ್ತಾರೆ. ಇಲ್ಲಿ ಎಳೆಯಬೇಕು. ಹೊಸೈರಿ ಬಟ್ಟೆ ಅಥವಾ ಓರೆಯಾಗಿ ಕತ್ತರಿಸಿದ ತೆಳು ಬಟ್ಟೆ ತೆಗೆದುಕೊಳ್ಳಿ. ಅಂಚನ್ನು ಸೂಜಿಯ ಮುಂದೆಯೂ ಹಿಂದೆಯೂ ಹಿಡಿದು, ಎಷ್ಟು ಹಿಗ್ಗುತ್ತದೋ ಅಷ್ಟು ಹಿಗ್ಗಿಸಿಯೇ ಒತ್ತೊತ್ತಾದ ಜಿಗ್‌ಜ್ಯಾಗ್ ಹೊಲಿಗೆ ಹಾಕಿ. ಕೈ ಬಿಟ್ಟಾಗ ಬಟ್ಟೆ ಕುಗ್ಗಲು ನೋಡುತ್ತದೆ, ದಾರ ಬಿಡುವುದಿಲ್ಲ, ಅಂಚು ಅಲೆಯಾಗಿ ಏಳುತ್ತದೆ. ಹೊಸೈರಿಗೆ ಬರುವ ಮೊಂಡು ತುದಿಯ ಸೂಜಿಯನ್ನೇ ಬಳಸಿ. ದಾರ ಬಹಳ ತಿನ್ನುತ್ತದೆ, ಕೂಲಿ ಹೇಳುವಾಗ ಅದನ್ನು ಸೇರಿಸಿ. ಮೊದಲು ಗೇಣುದ್ದದ ಚೂರಿನ ಮೇಲೆ ಮಾಡಿ ನೋಡಿ.

ಈ ಅಂಚಿನ ಯಜಮಾನ ಸ್ಟೀಫನ್ ಬರೋಸ್. 1943ರಲ್ಲಿ ನ್ಯೂಜೆರ್ಸಿಯ ನೆವಾರ್ಕಿನಲ್ಲಿ ಹುಟ್ಟಿದ ಕಪ್ಪು ವಿನ್ಯಾಸಕ. ಅದು ಅವರ ಕೈಯಲ್ಲಿ ಹುಟ್ಟಿದ್ದು ಆಕಸ್ಮಿಕವಾಗಿ. ನಾವಾದರೆ ಕೆಟ್ಟಿತೆಂದು ಬಿಚ್ಚಿಹಾಕುತ್ತಿದ್ದೆವು, ಅವರು ಇಟ್ಟುಕೊಂಡರು. ಹೊಲಿಗೆಯನ್ನು ಬಟ್ಟೆಯ ಬಣ್ಣದಲ್ಲೇ ಅಡಗಿಸುವುದು ನಮ್ಮ ಪಾಠ. ಅವರೋ ಎದ್ದು ಕಾಣುವ ಬಣ್ಣದ ದಾರದಲ್ಲಿ ಹೊಲಿದು ಹೊಲಿಗೆಯನ್ನೇ ಮೆರೆಸಿದರು. 1973ರಲ್ಲಿ ಅವರಿಗೆ ಕೋಟಿ ಪ್ರಶಸ್ತಿ ಬಂತು. (ರೂಪಾಯಿ ಲೆಕ್ಕದ ಕೋಟಿಯಲ್ಲ, ಅತ್ತರು ತಯಾರಿಸುವ ಕಂಪನಿಯ ಹೆಸರು.)

ಅದೇ ವರ್ಷ ನವೆಂಬರ್ 28ರ ರಾತ್ರಿ ಪ್ಯಾರಿಸ್ ಬಳಿಯ ವರ್ಸೈ ಅರಮನೆಯಲ್ಲಿ ಒಂದು ಪ್ರದರ್ಶನ ಏರ್ಪಾಡಾಗಿತ್ತು. ಅರಮನೆಯ ದುರಸ್ತಿಗೆ ಹಣ ಕೂಡಿಸಲು ಐವರು ಫ್ರೆಂಚ್ ವಿನ್ಯಾಸಕರು, ಐವರು ಅಮೆರಿಕನ್ನರು, ಬರೋಸ್ ಅವರಲ್ಲೊಬ್ಬರು. ಫ್ರೆಂಚರ ಕಡೆ ವಾದ್ಯವೃಂದ, ಕುಂಬಳಕಾಯಿ ರಥ, ಎರಡು ತಾಸಿಗೂ ಮಿಕ್ಕಿದ ವೈಭವ. ಅಮೆರಿಕನ್ನರಿಗೆ ಆದದ್ದು ಟೈಲರುಗಳೆಲ್ಲ ಓದಿ ಬೆವರಬೇಕಾದ ಕಥೆ: ರಂಗಸಜ್ಜಿಕೆಯ ಅಳತೆಯಲ್ಲಿ ಅಡಿಗೂ ಮೀಟರಿಗೂ ಗಲಿಬಿಲಿಯಾಗಿ ತಂದ ಪರದೆಗಳು ಹೊಂದಲಿಲ್ಲ. ಬರಿದಾದ ವೇದಿಕೆ, ಟೇಪಿನ ಸಂಗೀತ, ಅರ್ಧ ತಾಸಿನ ಆಟ. ಅವರ ಮೂವತ್ತಾರು ರೂಪದರ್ಶಿಗಳಲ್ಲಿ ಸುಮಾರು ಹತ್ತು ಮಂದಿ ಕಪ್ಪು ಹುಡುಗಿಯರು. ಆ ಕಾಲಕ್ಕೆ ಅದು ಕೇಳರಿಯದ ಸಂಖ್ಯೆ. ಅವರು ನಡೆಯಲಿಲ್ಲ, ಕುಣಿದರು. ಪ್ಯಾಟ್ ಕ್ಲೀವ್‌ಲ್ಯಾಂಡ್ ಬುಗುರಿಯಂತೆ ತಿರುಗುತ್ತಾ ವೇದಿಕೆಯ ತುದಿಯವರೆಗೂ ಬಂದರು. ಬೆಥನ್ ಹಾರ್ಡಿಸನ್ ಸಭೆಯನ್ನು ದುರುಗುಟ್ಟಿ ನೋಡಿದರು. ಐರೋಪ್ಯ ಶ್ರೀಮಂತರು ಎದ್ದು ನಿಂತು ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿಗಳನ್ನು ಗಾಳಿಗೆ ತೂರಿದರು. ನಿಮ್ಮ ಅಂಗಡಿಗೆ ಬರುವ ಆ ಹುಡುಗಿಯರಿಗೆ ಇದನ್ನು ಹೇಳಿ, ಕಾಯುವ ಹೊತ್ತು ಕಳೆಯುತ್ತದೆ.

ಪ್ರಶ್ನೆ: 2025ರ ಮೇ ತಿಂಗಳಲ್ಲಿ ಶಾರುಖ್ ಖಾನ್ ನ್ಯೂಯಾರ್ಕಿನ ಮೆಟ್ ಗಾಲಾಕ್ಕೆ ಕಪ್ಪು ಕೋಟು ತೊಟ್ಟು ಹೋಗಿದ್ದರು. ಅದೂ ಈ ವಿಷಯದ್ದೇ ಅಂತೆ, ಹೌದೇ? – ಮೈಸೂರು

ಉತ್ತರ: ಹೌದು. ಮೆಟ್ ಗಾಲಾ ಎಂದರೆ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಉಡುಪು ಪ್ರದರ್ಶನ ಶುರುವಾಗುವಾಗಿನ ಸಮಾರಂಭ. ಆ ವರ್ಷದ ಪ್ರದರ್ಶನದ ವಿಷಯವೇ ಕಪ್ಪು ಜನರ ಟೈಲರಿಂಗ್. ಮೋನಿಕಾ ಮಿಲ್ಲರ್ ಎಂಬ ವಿದ್ವಾಂಸೆಯ ಸಂಶೋಧನೆ ಅದಕ್ಕೆ ಬುನಾದಿ. ಕೋಟು ತೊಡುವುದರಲ್ಲಿ ಏನಿದೆ ಎನ್ನುವವರು ಆಫ್ರಿಕದ ಕಾಂಗೋ ನೋಡಬೇಕು. ಆಗ ಜೈರ್ ಎಂದು ಕರೆಸಿಕೊಳ್ಳುತ್ತಿದ್ದ ಆ ದೇಶದಲ್ಲಿ 1970ರ ದಶಕದಲ್ಲಿ ಸರ್ವಾಧಿಕಾರಿ ಮೊಬುಟು ಕೋಟು ಟೈ ನಿಷೇಧಿಸಿದ. ಅಲ್ಲಿಯ ರಾಜಧಾನಿ ಕಿನ್ಶಾಸಾ, ನದಿಯಾಚೆಯ ನೆರೆದೇಶದ ಬ್ರಾಜವಿಲ್‌ಗಳ ‘ಸಾಪರ್’ ಎಂಬ ಶೋಕಿ ಬಳಗ, ಗಾಯಕ ಪಾಪಾ ವೆಂಬಾ ಅವರ ಹಿಂದೆ, ಮತ್ತಷ್ಟು ಸೊಗಸಾದ ಕೋಟು ತೊಟ್ಟಿತು. ಕೆಸರಿನ ಓಣಿಯಲ್ಲಿ ಹೊಳೆಯುವ ಬೂಟು. ಅವರದ್ದೊಂದು ನಿಯಮ: ಒಮ್ಮೆಗೆ ಮೂರಕ್ಕಿಂತ ಹೆಚ್ಚು ಬಣ್ಣ ಬೇಡ. ನಮ್ಮ ಮದುವೆ ಮನೆಗಳಿಗೆ ಈ ನಿಯಮ ತರಬೇಕೆಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಪ್ರಶ್ನೆ: ಡ್ಯಾಪರ್ ಡ್ಯಾನ್ ಎಂಬವರನ್ನು ಎಲ್ಲರೂ ಹೊಗಳುತ್ತಾರೆ. ದೊಡ್ಡ ಕಂಪನಿಗಳ ಗುರುತು ಕದ್ದು ಜಾಕೆಟ್ ಹೊಲಿದವರಲ್ಲವೇ? ನಮ್ಮ ಸಂತೆಯಲ್ಲಿ ಮಾರುವ ನಕಲಿ ಟೀಶರ್ಟಿಗೂ ಅದಕ್ಕೂ ಏನು ವ್ಯತ್ಯಾಸ? – ಹುಬ್ಬಳ್ಳಿ

ಉತ್ತರ: ಡ್ಯಾಪರ್ ಡ್ಯಾನ್ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್ಮಿನ ಟೈಲರ್. ಗುರುತು ಬಳಸಿದ್ದು ತಪ್ಪೇ. ಕಾನೂನು ಅವರನ್ನು ಬಿಡಲೂ ಇಲ್ಲ. ಆದರೆ ನಕಲಿ ಟೀಶರ್ಟು ಮೂಲದ ಹಾಗೆಯೇ ಇರಲು ಹೆಣಗುತ್ತದೆ. ಡ್ಯಾಪರ್ ಡ್ಯಾನ್ ಹೊಲಿದದ್ದಕ್ಕೆ ಮೂಲವೇ ಇರಲಿಲ್ಲ. ಆ ಕಂಪನಿಗಳು ಆಗ ಹೆಚ್ಚಾಗಿ ಚೀಲ, ಪೆಟ್ಟಿಗೆ ಮಾಡುತ್ತಿದ್ದವು. ಇವರು ಅದೇ ಗುರುತನ್ನು ಚರ್ಮದ ಮೇಲೆ ಅಚ್ಚು ಹಾಕಿ, ಹಾರ್ಲೆಮ್ಮಿನ ಹುಡುಗರ ಭುಜದ ಅಳತೆಗೆ ಕತ್ತರಿಸಿ ಬೇರೆಯೇ ಉಡುಪು ಮಾಡಿದರು. 1982ರಲ್ಲಿ 125ನೇ ಬೀದಿಯಲ್ಲಿ ತೆರೆದ ಅಂಗಡಿ ಹಗಲು ರಾತ್ರಿ ಮುಚ್ಚುತ್ತಿರಲಿಲ್ಲ. ದಾಳಿ, ಮೊಕದ್ದಮೆಗಳಾಗಿ 1992ರಲ್ಲಿ ಮುಚ್ಚಿತು. ತಮಾಷೆ ಆಮೇಲಿನದು. 1989ರಲ್ಲಿ ಓಟಗಾರ್ತಿ ಡಯಾನ್ ಡಿಕ್ಸನ್ ಅವರಿಗೆ ಡ್ಯಾನ್ ಹೊಲಿದಿದ್ದ ಉಬ್ಬು ತೋಳಿನ ಜಾಕೆಟಿನ ಪಡಿಯಚ್ಚಿನಂಥದ್ದು 2017ರಲ್ಲಿ ಅಂಥದ್ದೇ ದೊಡ್ಡ ಕಂಪನಿಯಾದ ಇಟಲಿಯ ಗುಚ್ಚಿಯ ಪ್ರದರ್ಶನದಲ್ಲೇ ಕಾಣಿಸಿಕೊಂಡಿತು. ಜನ ಗದ್ದಲ ಎಬ್ಬಿಸಿದರು. ಕಂಪನಿ ಅವರನ್ನು ಕರೆದು ಕೈಜೋಡಿಸಿತು, ಹಾರ್ಲೆಮ್ಮಿನಲ್ಲೇ 2018ರಲ್ಲಿ ಹೊಸ ಹೊಲಿಗೆಮನೆ ತೆರೆಯಿತು. ಯಾರು ಯಾರಿಂದ ಕದ್ದರು ಎಂದು ಈಗ ನೀವೇ ತೀರ್ಪು ಕೊಡಿ. ನನ್ನ ಕತ್ತರಿ ಡ್ಯಾನ್ ಕಡೆಗಿದೆ.

ಪ್ರಶ್ನೆ: ಅಮ್ಮ, ನನ್ನ ಮಗಳ ಬಣ್ಣ ಕಪ್ಪು. ಹಳದಿ ಲಂಗ ಬೇಕೆಂದು ಆಸೆಪಟ್ಟಳು. ಅಂಗಡಿಯವರು ಅವಳ ಎದುರಿಗೇ ‘ಹಳದಿ ಇವಳಿಗೆ ಒಪ್ಪುವುದಿಲ್ಲ, ತಿಳಿಬಣ್ಣ ತೆಗೆದುಕೊಳ್ಳಿ’ ಎಂದರು. ಏನು ಮಾಡಲಿ? – ತಾಯಿ, ಬೆಂಗಳೂರು

ಉತ್ತರ: ಮೊದಲು ಅಂಗಡಿ ಬದಲಿಸಿ.

ಆಮೇಲೆ, ಹಳದಿ ಬಟ್ಟೆಯನ್ನು ಅಂಗಡಿಯ ದೀಪದ ಕೆಳಗೆ ನೋಡಬೇಡಿ. ಬಾಗಿಲಿನ ಹೊರಗೆ ಬಿಸಿಲಿಗೆ ತಂದು ಮಗಳ ಗಲ್ಲದ ಕೆಳಗೆ ಹಿಡಿಯಿರಿ. ಅರಿಸಿನದ ಹಳದಿ, ಸೇವಂತಿಗೆಯ ಹಳದಿ, ಮಾವಿನ ಹಳದಿ ಮೂರೂ ಬೇರೆ. ಮುಖ ಯಾವುದರಲ್ಲಿ ಬೆಳಗುತ್ತದೆ ಎಂದು ಕನ್ನಡಿ ಕೊಟ್ಟು ಅವಳನ್ನೇ ಕೇಳಿ. ನನಗೆ ಕೇಳಿದರೆ, ಗಾಢವಾದ ಮೈಬಣ್ಣದ ಮೇಲೆ ಹಳದಿ ನಿಲ್ಲುವಷ್ಟು ಚಂದ ಬೇರೆಲ್ಲೂ ನಿಲ್ಲುವುದಿಲ್ಲ.

ನಮ್ಮ ಕಸುಬಿನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ‘ಸ್ಕಿನ್ ಕಲರ್ ಲೈನಿಂಗ್ ಕೊಡಿ’ ಎಂದರೆ ಶಿವಮೊಗ್ಗದ ಅಂಗಡಿಗಳಲ್ಲಿ ಬಿಸ್ಕತ್ತಿನ ಬಣ್ಣದ ಬಟ್ಟೆ ಕೊಡುತ್ತಾರೆ. ಯಾರ ಸ್ಕಿನ್ನು ಅದು? ಮೂವತ್ತು ವರ್ಷ ನಾನೂ ಕೇಳದೆ ಕೊಂಡೆ, ನನ್ನ ಕೈ ಆ ಬಣ್ಣದ್ದಲ್ಲದಿದ್ದರೂ. ಬ್ಯಾಲೆ ನೃತ್ಯದಲ್ಲೂ ಇದೇ ಕಥೆ. ಕಾಲ್ಚೀಲ, ಬೂಟು ಎಲ್ಲವೂ ತಿಳಿಗುಲಾಬಿ, ಬಿಳಿಯರ ಕಾಲಿಗೆ ಹೊಂದಲಿ ಎಂದು. ಕಪ್ಪು ನರ್ತಕ ಆರ್ಥರ್ ಮಿಚೆಲ್ ನ್ಯೂಯಾರ್ಕಿನಲ್ಲಿ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಕಟ್ಟಿ, 1970ರಲ್ಲಿ ಉಡುಪಿನ ಕೆಲಸಕ್ಕೆ ಜೆಲ್ಡಾ ವಿನ್ ವಾಲ್ಡೆಸ್ ಅವರನ್ನು ಕರೆದರು. 1948ರಲ್ಲೇ ಬ್ರಾಡ್‌ವೇಯಲ್ಲಿ ಸ್ವಂತ ಅಂಗಡಿ ತೆರೆದಿದ್ದ ಕಪ್ಪು ಮಹಿಳೆ ಅವರು. ಅಲ್ಲಿ ಒಬ್ಬ ನರ್ತಕಿಯ ಕಾಲಿನ ಬಣ್ಣಕ್ಕೆ ಒಂದು, ಇನ್ನೊಬ್ಬಳಿಗೆ ಇನ್ನೊಂದು ಎಂದು ಕಾಲ್ಚೀಲಗಳಿಗೆ ಬಣ್ಣ ಹಾಕಿದರು. ಬೇರೆ ಕಡೆ ಕಪ್ಪು ನರ್ತಕಿಯರು ಗುಲಾಬಿ ಬೂಟಿಗೆ ಮುಖದ ಬಣ್ಣ ಬಳಿದುಕೊಳ್ಳುವ ಪಾಡು ಮುಂದುವರಿಯಿತು. ಲಂಡನ್ನಿನ ಫ್ರೀಡ್ ಕಂಪನಿ ಕಂದು ಬಣ್ಣದ ಬ್ಯಾಲೆ ಬೂಟು ತಯಾರಿಸಿದ್ದು 2018ರಲ್ಲಿ!

ವಾಲ್ಡೆಸ್ ಅವರ ಬಗ್ಗೆ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಗಾಯಕಿ ಎಲ್ಲಾ ಫಿಟ್ಜೆರಾಲ್ಡ್ ಊರೂರು ತಿರುಗುತ್ತಿದ್ದವರು, ಅಳತೆ ಕೊಡಲು ಪುರುಸೊತ್ತಿಲ್ಲ. ವಾಲ್ಡೆಸ್ ಒಮ್ಮೆ ಅಳತೆ ತೆಗೆದದ್ದೇ ಕೊನೆ. ಮುಂದೆ ಪತ್ರಿಕೆಯಲ್ಲಿ ಬಂದ ಚಿತ್ರ ನೋಡಿ, ಓಹೋ ಸ್ವಲ್ಪ ದಪ್ಪಗಾಗಿದ್ದಾರೆ ಎಂದು ಅಂದಾಜಿನಲ್ಲೇ ಹೊಲಿದು ಕಳುಹಿಸುತ್ತಿದ್ದರು. ನನ್ನ ಗಿರಾಕಿಗಳು ಎದುರಿಗೆ ನಿಂತು ಅಳತೆ ಕೊಟ್ಟೂ ‘ಬಿಗಿಯಾಯಿತು’ ಎಂದು ವಾಪಸು ತರುತ್ತಾರೆ. ನಾನು ವಾಲ್ಡೆಸ್ ಅವರ ಕಾಲಿನ ಧೂಳಿಗೂ ಸಮವಲ್ಲ.

ಅಂದಹಾಗೆ, ಲಂಗ ಹೊಲಿಸಿದ ಮೇಲೆ ಮಗಳ ಚಿತ್ರ ಕಳುಹಿಸಿ. ಅಂಗಡಿಯಲ್ಲಿ ಅಂಟಿಸುತ್ತೇನೆ.

ಪ್ರಶ್ನೆ: ಅಕ್ಕ, ನಾನು ಸಿದ್ದಿ ಹೆಂಗಸು. ಕೌದಿ ಹೊಲಿಯುತ್ತೇನೆ. ಅಮೆರಿಕದ ಅಜ್ಜಿಯ ಗುಂಡಿಯ ಬಗ್ಗೆ ಬರೆದಿರಿ, ನಮ್ಮ ಅಜ್ಜಿಯರೂ ಆಫ್ರಿಕದಿಂದ ಬಂದವರೇ. ಪಟ್ಟಣದ ಒಬ್ಬ ಖರೀದಿದಾರರು ಕೌದಿಯ ಮೂಲೆಗೆ ಹಾಕುವ ‘ಫೂಲ್’ ಬಿಟ್ಟುಬಿಡಿ, ಕೆಲಸ ಬೇಗ ಮುಗಿಯುತ್ತದೆ, ಬೆಲೆಯೂ ಇಳಿಯುತ್ತದೆ ಎನ್ನುತ್ತಾರೆ. ಬಿಡಲೇ? – ಯಲ್ಲಾಪುರ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮಿಸಿಸಿಪ್ಪಿ, ಅಲಬಾಮಾ ಎಲ್ಲ ಸುತ್ತಿದವಳಿಗೆ, ಶಿವಮೊಗ್ಗದಿಂದ ಅರ್ಧ ದಿನದ ಬಸ್ಸಿನ ದಾರಿಯಲ್ಲಿರುವ ಯಲ್ಲಾಪುರ, ಹಳಿಯಾಳ, ಮುಂಡಗೋಡು ನೆನಪಾಗಲಿಲ್ಲ. ತಪ್ಪಾಯಿತು.

ಓದುಗರಿಗಾಗಿ ಎರಡು ಮಾತು. ಪೋರ್ಚುಗೀಸರು ಗೋವೆಗೆ ಹಡಗಿನಲ್ಲಿ ತಂದ ಆಫ್ರಿಕನ್ನರಲ್ಲಿ ಅನೇಕರು ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡು ಸೇರಿದರು. ಅವರ ಸಂತತಿಯವರು ಅಲ್ಲಿಯ ಸಿದ್ದಿಗಳು. ಅವರ ಹೆಂಗಸರ ಕೌದಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ನನ್ನ ಅಜ್ಜಿ ಹಳೆಯ ಸೀರೆಗಳನ್ನು ಹಾಸಿ ಉದ್ದಕ್ಕೆ ಸಾಲುಸಾಲು ಹೊಲಿಯುತ್ತಿದ್ದಳು. ಇವರು ಅಂಚಿನಲ್ಲಿ ಶುರುಮಾಡಿ, ತುಂಡಿನ ಮೇಲೆ ತುಂಡು ಇಡುತ್ತಾ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯ ಚೂರುಗಳನ್ನು ಮಡಚಿ ಪದರಪದರವಾಗಿ ಕೂರಿಸಿದ ತ್ರಿಕೋನವೇ ಆ ಫೂಲ್. ಹೊದೆಯುವವರಿಗೆ ಅದರಿಂದ ಬೆಚ್ಚಗಾಗುವುದಿಲ್ಲ. ಅದಿಲ್ಲದ ಕೌದಿ ಬೆತ್ತಲೆ ಎಂದು ನಿಮ್ಮವರೇ ಹೇಳುತ್ತಾರಲ್ಲ.

ಬಿಡಬೇಡಿ. ಖರೀದಿದಾರರಿಗೆ ಫೂಲ್ ಇರುವ ಕೌದಿಯ ಬೆಲೆ ಇಷ್ಟು ಎಂದು ಒಂದೇ ಬೆಲೆ ಹೇಳಿ. ‘ಇಲ್ಲದ್ದು ಎಷ್ಟು?’ ಎಂದು ಕೇಳಿದರೆ ಅಂಥದ್ದನ್ನು ನಾನು ಹೊಲಿಯುವುದಿಲ್ಲ ಅನ್ನಿ. ಒಂದು ಗಿರಾಕಿ ಹೋಗಬಹುದು. ಮನೆಯ ಖರ್ಚಿನ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಕೈ ಕಟ್ಟಿಹೋಗಿದ್ದರೆ ಸಣ್ಣ ಕೌದಿ ಹೊಲಿಯಿರಿ, ಮಗುವಿನ ತೊಟ್ಟಿಲಿನ ಅಳತೆಯದ್ದು. ಬಟ್ಟೆಯಲ್ಲಿ ಉಳಿತಾಯ ಮಾಡಿ, ಮೂಲೆಯಲ್ಲಿ ಮಾಡಬೇಡಿ. ಇನ್ನೊಂದು: ಹಿಂಬದಿಯಲ್ಲಿ, ಮೂಲೆಯ ಹತ್ತಿರ, ಬೇರೆ ಬಣ್ಣದ ದಾರದಲ್ಲಿ ನಿಮ್ಮ ಹೆಸರು ಹೊಲಿಯಿರಿ. ಅಂಗಡಿಯವರು ತಮ್ಮ ಲೇಬಲ್ಲು ಹಾಕಿಕೊಳ್ಳಲಿ, ಅದನ್ನು ಬ್ಲೇಡಿನಲ್ಲಿ ಬಿಚ್ಚಬಹುದು. ಆರು ಪದರಕ್ಕೂ ತಾಗುವಂತೆ ಹೊಲಿದ ಹೆಸರನ್ನು ಕೌದಿ ಹರಿಯದೆ ಬಿಚ್ಚಲಾಗುವುದಿಲ್ಲ.

ಈಗ ನನ್ನದೊಂದು ಪ್ರಶ್ನೆ, ಉತ್ತರ ನೀವು ಬರೆಯಬೇಕು. ನಿಮ್ಮ ಪತ್ರ ಬಂದ ಮೇಲೆ ಮೊಮ್ಮಗಳಿಗೆ ಕಳುಹಿಸಲೆಂದು ಒಂದು ಕೌದಿ ಹಿಡಿದಿದ್ದೇನೆ. ಮೂರು ಮೂಲೆ ಆಯಿತು. ಪದರ ಮಡಚಿ ಸೂಜಿ ಚುಚ್ಚುವಷ್ಟರಲ್ಲಿ ತುದಿ ಜಾರಿಹೋಗುತ್ತದೆ, ಕಚ್ಚಾ ಹೊಲಿಗೆ ಹಾಕಿದರೂ ನಿಲ್ಲುತ್ತಿಲ್ಲ. ನೀವು ತುದಿಯನ್ನು ಒಳಗೆ ಮಡಚಿ ಶುರುಮಾಡುತ್ತೀರೋ, ಬುಡದಿಂದಲೋ?